ಹೊಗೆ ಮಾರುವ ಲೆಕ್ಕ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕೆ ಎರಡನೆಯ ಸ್ಥಾನ. ‘ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್’: ಮೊದಲು ಕಟ್ಟಿಗೆಯ ಭಟ್ಟಿ, ಆಮೇಲೆ ಕಬ್ಬಿಣ. ಈ ಹೆಸರಿನ ಹಿಂದೆ ಒಂದು ಲೆಕ್ಕಾಚಾರವಿತ್ತು.

ಮೈಸೂರು ಸಂಸ್ಥಾನಕ್ಕೆ ಕೆಮ್ಮಣ್ಣುಗುಂಡಿಯ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಇದ್ದದ್ದು ಮಲೆನಾಡಿನ ಕಾಡು. ಅದಿರಿನಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಬೆಸೆದುಕೊಂಡಿರುತ್ತದೆ. ಬಿಡಿಸಲು ಶಾಖವೂ ಬೇಕು, ಆಮ್ಲಜನಕವನ್ನು ಕಸಿದುಕೊಳ್ಳುವ ಇಂಗಾಲವೂ ಬೇಕು. ಇದ್ದಿಲು ಎರಡನ್ನೂ ಕೊಡುತ್ತದೆ. ಅದರಲ್ಲಿ ಗಂಧಕ ಕಡಿಮೆ, ಹಾಗಾಗಿ ಕಬ್ಬಿಣವೂ ಒಳ್ಳೆಯದು. ತೊಡಕು ಒಂದೇ: ಒಣಕಟ್ಟಿಗೆಯ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಇದ್ದಿಲಾಗಿ ಉಳಿಯುತ್ತದೆ. ಮಿಕ್ಕದ್ದೆಲ್ಲ ಹೊಗೆ.

ಆ ಹೊಗೆಯಲ್ಲಿ ಏನಿದೆ? ಸೌದೆ ಒಲೆಯನ್ನು ಗಮನಿಸಿದರೆ ಉರಿ ಕಟ್ಟಿಗೆಯಿಂದ ಕೊಂಚ ಮೇಲೆ ಆಡುವುದು ಕಾಣುತ್ತದೆ. ಜ್ವಾಲೆಯಾಗಿ ಉರಿಯುವುದು ಕಾದ ಕಟ್ಟಿಗೆ ಬಿಡುವ ಅನಿಲ. ಗಾಳಿಯಾಡದಂತೆ ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸಿದರೆ ಅದು ಉರಿಯದೆ ಹೊರಬರುತ್ತದೆ. ಮೊದಲು ನೀರಾವಿ. ಸುಮಾರು 270 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಟ್ಟಿಗೆ ತಾನೇ ಶಾಖ ಬಿಡುತ್ತ ಒಡೆಯುತ್ತದೆ. ಹೊರಬಂದ ಆವಿಯನ್ನು ತಣಿಸಿದರೆ ಟಾರು, ಅಸಿಟಿಕ್ ಆಮ್ಲ, ಮೆಥನಾಲ್ ಸಿಗುತ್ತವೆ.

ಮೆಥನಾಲನ್ನು 1661ರಲ್ಲೇ ರಾಬರ್ಟ್ ಬಾಯ್ಲ್ ಕಟ್ಟಿಗೆಯಿಂದ ಬೇರ್ಪಡಿಸಿದ್ದ. 1834ರಲ್ಲಿ ಫ್ರಾನ್ಸಿನ ಡ್ಯುಮಾ ಮತ್ತು ಪೆಲಿಗೊ ಗ್ರೀಕಿನ ‘ಮೆಥು’ ಮತ್ತು ‘ಹ್ಯೂಲೆ’ ಪದಗಳನ್ನು ಕೂಡಿಸಿ ‘ಮೆಥಿಲೀನ್’ ಎಂಬ ಹೆಸರು ಕಟ್ಟಿದರು. ಮೆಥು ಎಂದರೆ ಮದ್ಯ; ಹ್ಯೂಲೆ ಎಂದರೆ ಕಟ್ಟಿಗೆ, ಕಾಡು ಎಂದೂ ಹೌದು. ಕುಡಿದರೆ ಕಣ್ಣು ಕಳೆಯುವ ವಿಷಕ್ಕೆ ಮದ್ಯದ ಹೆಸರು.

ಈ ಸರಕುಗಳನ್ನು ಮಾರಿ ಇದ್ದಿಲಿನ ಖರ್ಚು ಇಳಿಸಿಕೊಳ್ಳುವುದು ಭದ್ರಾವತಿಯ ಲೆಕ್ಕ. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಅದೇ ವರ್ಷ ಜರ್ಮನಿಯ ಲೊಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕದಿಂದ, ಒಂದು ತುಂಡು ಕಟ್ಟಿಗೆಯೂ ಇಲ್ಲದೆ, ಮೆಥನಾಲ್ ತಯಾರಿಸತೊಡಗಿತು. ಜಗತ್ತಿನ ಕಟ್ಟಿಗೆ ಭಟ್ಟಿಗಳಿಗೆಲ್ಲ ಬಿದ್ದ ಪೆಟ್ಟು ಅದು. ಮಹಾಯುದ್ಧದ ನಂತರ ಬೀಡುಕಬ್ಬಿಣದ ಬೆಲೆಯೂ ಕುಸಿದಿತ್ತು. ನಷ್ಟದಲ್ಲಿದ್ದ ಕಾರ್ಖಾನೆಯ ಆಡಳಿತವನ್ನು ಆ ವರ್ಷವೇ ವಹಿಸಿಕೊಂಡ ವಿಶ್ವೇಶ್ವರಯ್ಯನವರು 1929ರವರೆಗೆ ಅದನ್ನು ದಡ ಮುಟ್ಟಿಸಲು ದುಡಿದರು.

ಕಾರ್ಖಾನೆ ಉಳಿಯಿತು, ಉಕ್ಕು ತಯಾರಿಸಿತು. ಹೆಸರಿನಿಂದ ಕಟ್ಟಿಗೆ ಮೊದಲೇ ಬಿದ್ದುಹೋಯಿತು. ಆದರೆ ಆರಂಭದ ಆ ಕಬ್ಬಿಣದ ಬೆಲೆಯಲ್ಲಿ ಕಡಿಯುವ ಕೂಲಿ, ಸಾಗಿಸುವ ಬಾಡಿಗೆ ಸೇರಿದ್ದವು. ಮರ ಬೆಳೆಯಲು ಹಿಡಿದ ವರ್ಷಗಳು ಸೇರಿರಲಿಲ್ಲ.