ಮೆಹನತಾನಾ, ಶುಕ್ರಾನಾ

ವಕೀಲರಿಗೆ ಕೊಡುವ ಹಣಕ್ಕೆ ಉರ್ದುವಿನಲ್ಲಿ ಎರಡು ಪದಗಳಿವೆ. ಕೆಲಸಕ್ಕೆ ಕೊಡುವುದು ಮೆಹನತಾನಾ. ದಾವೆ ಗೆದ್ದ ಕಕ್ಷಿದಾರ ಖುಷಿಯಿಂದ ಕೊಡುವುದು ಶುಕ್ರಾನಾ. ಒಂದರೊಳಗೆ ದುಡಿಮೆಯಿದೆ, ಇನ್ನೊಂದರೊಳಗೆ ಕೃತಜ್ಞತೆ. ವಕೀಲ, ವಕಾಲತ್ತು, ದಾವೆ, ಫಿರ್ಯಾದಿ ಎಲ್ಲವನ್ನೂ ನಮ್ಮದಾಗಿಸಿಕೊಂಡಿದ್ದೇವೆ, ಆದರೆ ನಮ್ಮ ಮಾತಿನಲ್ಲಿ ಇವೆರಡೂ ಸೇರಿ ಬರೀ 'ಫೀಸು'. ಶುಕ್ರಾನಾವನ್ನು ಮೊದಲೇ ಕರಾರು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಾನಿರುವ ಹೈದರಾಬಾದಿನದೇ ಒಂದು ಪ್ರಕರಣವಿದೆ.

1998ರಲ್ಲಿ ಮಹಿಳೆಯೊಬ್ಬರ ಪತಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪರಿಹಾರದ ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ಪರಿಹಾರ ಬಂದಾಗ ವಕೀಲರಿಗೆ 10 ಲಕ್ಷ ರೂಪಾಯಿ ಸಂದಿತ್ತು. ಅದು ಸಾಲದೆಂದು, ಬಂದ ಮೊತ್ತದ ಶೇಕಡ 16ರ ಲೆಕ್ಕ ಹಿಡಿದು, 2014ರಲ್ಲಿ ಇನ್ನೂ 3 ಲಕ್ಷದ ಚೆಕ್ಕಿಗೆ ಸಹಿ ಹಾಕಿಸಿಕೊಂಡರು. ಖಾತೆಯಲ್ಲಿ ದುಡ್ಡಿರಲಿಲ್ಲ, ಕೊಡಲಾಗುವುದಿಲ್ಲ ಎಂದು ಆಕೆ ಇಮೇಲ್ ಕೂಡ ಬರೆದರು. ಚೆಕ್ ಬೌನ್ಸ್ ಆಯಿತು. ತನ್ನ ಪರ ವಾದಿಸಿದ್ದವರೇ ತನ್ನ ಮೇಲೆ ಕ್ರಿಮಿನಲ್ ದೂರು ಕೊಟ್ಟರು. ಪರಿಹಾರ ಕೇಳಲು ಹೋದ ಹೆಂಗಸು ಆರೋಪಿಯಾದಳು!

ಹೈದರಾಬಾದಿನ ಹೈಕೋರ್ಟು ದೂರನ್ನು ರದ್ದು ಮಾಡಲಿಲ್ಲ. 2010ರ ಆಂಧ್ರದ ವಕೀಲರ ಶುಲ್ಕ ನಿಯಮಗಳ ಪ್ರಸ್ತಾಪವೂ ವಾದದಲ್ಲಿ ಬಂದಿತ್ತು. ಗೊಂದಲ ಇಲ್ಲಿಯೇ. ವಕೀಲರ ಕಾಯ್ದೆಯ 34ನೆಯ ಕಲಮಿನಡಿ ಹೈಕೋರ್ಟುಗಳು ಮಾಡುವ ಶುಲ್ಕ ನಿಯಮ, ಎದುರಾಳಿಯ ವಕೀಲರ ಖರ್ಚೆಂದು ಇನ್ನೊಂದು ಪಕ್ಷ ಎಷ್ಟು ತುಂಬಬೇಕು ಎಂಬುದಕ್ಕೆ. ನಮ್ಮ ವಕೀಲರು ನಮ್ಮಿಂದ ಎಷ್ಟು ವಸೂಲಿ ಮಾಡಬಹುದು ಎಂಬ ದರಪಟ್ಟಿ ಅದಲ್ಲ.

ಹಿಂದಿನ ಕಥೆ ಸ್ವಲ್ಪ ತಿರುವುಮುರುವು. ಇನ್ನೊಬ್ಬರ ದಾವೆಗೆ ದುಡ್ಡು ಹಾಕಿ ಗೆಲುವಿನಲ್ಲಿ ಪಾಲು ಕೇಳುವುದು ಇಂಗ್ಲೆಂಡಿನಲ್ಲಿ ನಿಷಿದ್ಧವಾಗಿತ್ತು. ಆದರೆ ಆ ನಿಷೇಧ ಭಾರತಕ್ಕೆ ಹಾಗೆಯೇ ಅನ್ವಯಿಸದು ಎಂದು 1876ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. 1926ರ ಕಾಯ್ದೆ, ಫೀಸನ್ನು ಕಕ್ಷಿದಾರನೊಂದಿಗೆ ಮಾತಾಡಿ ಗೊತ್ತುಮಾಡಿಕೊಳ್ಳುವ, ಬಾಕಿಗೆ ದಾವೆ ಹೂಡುವ ಹಕ್ಕನ್ನು ವಕೀಲರಿಗೆ ಕೊಟ್ಟಿತು. ಹಾಗಾದರೆ ಪಾಲನ್ನೂ ಗೊತ್ತುಮಾಡಿಕೊಳ್ಳಬಹುದೆ? ಮುಂಬಯಿಯ ವಕೀಲರೊಬ್ಬರು ವಸೂಲಾದುದರಲ್ಲಿ ಅರ್ಧ ತನಗೆಂದು ಬರೆಸಿಕೊಂಡ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ಆಗದೆಂದಿತು: ಬೇರೆಯವರಿಗೆ ಸಲ್ಲಬಹುದಾದ ಕರಾರು ವಕೀಲನಿಗೆ ಸಲ್ಲದು. ಬಾರ್ ಕೌನ್ಸಿಲಿನ 20ನೆಯ ನಿಯಮವೂ ಅದನ್ನೇ ಹೇಳುತ್ತದೆ. ನ್ಯಾಯವಾದಿಗೆ ಫಲದಲ್ಲಿ ಪಾಲಿದ್ದರೆ ರಾಜಿ ಮಾಡಿಸಬೇಕೋ ಬೇಡವೋ ಎಂಬ ಸಲಹೆಯನ್ನೂ ನಂಬುವುದು ಕಷ್ಟ.

2017ರ ಡಿಸೆಂಬರ್ 5ರಂದು ನ್ಯಾಯಮೂರ್ತಿಗಳಾದ ಆದರ್ಶ ಕುಮಾರ್ ಗೋಯಲ್ ಮತ್ತು ಉದಯ ಉಮೇಶ್ ಲಲಿತ್ ಹೈದರಾಬಾದಿನ ದೂರನ್ನು ರದ್ದುಮಾಡಿದರು. ಕೊನೆಯ ಗಳಿಗೆಯಲ್ಲಿ ವಕೀಲರು, ದೂರು ಹಿಂತೆಗೆದುಕೊಳ್ಳುತ್ತೇನೆ ಎಂದರು. ಪೀಠ ಒಪ್ಪಲಿಲ್ಲ, ದುರ್ವರ್ತನೆ ಗಂಭೀರವಾದದ್ದು ಎಂದಿತು. ನನಗೆ ತೀರ್ಪಿನಲ್ಲಿ ಇಷ್ಟವಾದದ್ದು ಈ ಒಪ್ಪದಿರುವಿಕೆಯೇ. ಸದ್ದಿಲ್ಲದೆ ಮುಗಿದಿದ್ದರೆ ಮುಂದಿನ ಕಕ್ಷಿದಾರರಿಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ.

ಪದಕ್ಕಿಷ್ಟು ಎಂದು ಬಿಲ್ ಬರೆದು ಬದುಕುವ ಅನುವಾದಕಿ ನಾನು. ಪುಸ್ತಕ ಎಷ್ಟು ಮಾರಿತು ಎಂದು ನೋಡಿ ದರ ಹೇಳುವುದಿಲ್ಲ. ಆದ್ದರಿಂದ ಪಕ್ಷಪಾತ ಇರಬಹುದು. ಬಡವರಿಗೆ 'ಗೆದ್ದರೆ ಕೊಡಿ' ಎನ್ನುವ ವಕೀಲರಿಲ್ಲದಿದ್ದರೆ ಅಪಘಾತದ ಮೊಕದ್ದಮೆ ಹೂಡುವವರು ಯಾರು ಎಂದು ಗೆಳೆಯರೊಬ್ಬರು ಕೇಳಿದರು. ಪ್ರಶ್ನೆ ಸುಳ್ಳಲ್ಲ. ಆದರೆ ಆ ಮಹಿಳೆಯಿಂದ ಕೇಳಿದ್ದು ಗೆಲುವಿನ ಸಂತೋಷದ ಪಾಲಲ್ಲ, ಗಂಡನ ಸಾವಿಗೆ ಕಟ್ಟಿದ ಬೆಲೆಯ ಪಾಲು.