ದಪ್ಪಗಿದ್ದರೆ ಮೂಳೆ ಸವೆಯುವುದಿಲ್ಲವೇ?

‘ಮೈಯಲ್ಲಿ ಸ್ವಲ್ಪ ಕೊಬ್ಬಿದ್ದರೆ ಒಳ್ಳೆಯದು, ವಯಸ್ಸಾದ ಮೇಲೆ ಮೂಳೆ ಸವೆಯಲ್ಲ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದು ಅರ್ಧ ಸತ್ಯ.

ಸತ್ಯದ ಭಾಗ ಇಷ್ಟು. ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಕುಸಿಯುತ್ತದೆ. ಆಗ ದೇಹದ ಕೊಬ್ಬು ಸ್ವಲ್ಪ ಈಸ್ಟ್ರೊಜೆನ್ ತಯಾರಿಸುತ್ತದೆ. ತೂಕ ಹೊರುವ ಮೂಳೆಯೂ ದಟ್ಟವಾಗುತ್ತದೆ. ಆದರೂ ದಪ್ಪಗಿರುವ ಮಹಿಳೆಯರಲ್ಲಿ ಪಾದದ ಕೀಲು, ತೊಡೆಯ ಮೂಳೆ ಮುರಿಯುವುದು ಹೆಚ್ಚೆಂದು 2011ರ ಒಂದು ಅಂತರರಾಷ್ಟ್ರೀಯ ಅಧ್ಯಯನ ಕಂಡಿತು. ಟೈಪ್ 2 ಸಕ್ಕರೆ ಕಾಯಿಲೆ ಇರುವವರದ್ದೂ ಇದೇ ಕಥೆ: ಸ್ಕ್ಯಾನ್‌ನಲ್ಲಿ ಮೂಳೆ ದಟ್ಟ, ಬಿದ್ದರೆ ಸೊಂಟ ಮುರಿಯುವ ಅಪಾಯ ಹೆಚ್ಚು.

ಯಾಕೆ? ಮೂಳೆಯ ಮಜ್ಜೆಯೊಳಗೆ ನೋಡಬೇಕು. ಮೂಳೆ ಕಟ್ಟುವ ಕೋಶ, ಕೊಬ್ಬಿನ ಕೋಶ ಎರಡೂ ಅಲ್ಲಿ ಒಂದೇ ತಾಯಿಯ ಮಕ್ಕಳು. ಮೂಲಕೋಶ ಯಾವ ದಾರಿ ಹಿಡಿಯಬೇಕೆಂದು ಹೇಳುವವುಗಳಲ್ಲಿ ಹಾರ್ಮೋನುಗಳು ಮುಖ್ಯ. ಈಸ್ಟ್ರೊಜೆನ್ ಇಳಿದಾಗ, ಸ್ಟೀರಾಯ್ಡ್ ಮಾತ್ರೆ ಬಹುಕಾಲ ನುಂಗಿದಾಗ ಅವು ಕೊಬ್ಬಿನ ಕಡೆ ವಾಲುತ್ತವೆ. ವಿಚಿತ್ರವೆಂದರೆ, ಊಟ ಬಿಟ್ಟು ತೀರಾ ಸೊರಗಿದವರ ಮಜ್ಜೆಯಲ್ಲೂ ಕೊಬ್ಬು ತುಂಬುತ್ತದೆ!

ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾಗಿದ್ದು 1994ರಲ್ಲಿ. ಅದು ಮೆದುಳಿನ ಮೂಲಕ ಮೂಳೆ ಕಟ್ಟುವಿಕೆಗೆ ಕಡಿವಾಣ ಹಾಕುತ್ತದೆಂದು 2000ದಲ್ಲಿ ಇಲಿಗಳಲ್ಲಿ ಕಂಡುಬಂತು. ಮೂಳೆಯ ಆಸ್ಟಿಯೋಕ್ಯಾಲ್ಸಿನ್ ಇನ್ಸುಲಿನ್ ಹೆಚ್ಚಿಸಿ ಕೊಬ್ಬು ಇಳಿಸುತ್ತದೆ ಎಂದು 2007ರಲ್ಲಿ ದೊಡ್ಡ ಸುದ್ದಿಯಾಯಿತು. 2020ರಲ್ಲಿ ಬೇರೆ ಎರಡು ತಂಡಗಳ ಇಲಿಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಹಾಗಾಗಿ ‘ಮೂಳೆ ಹಾರ್ಮೋನು ಹೆಚ್ಚಿಸಿ ಹೊಟ್ಟೆ ಕರಗಿಸುವ ಪುಡಿ’ ಎಂದು ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

ರಾಗಿಯ ವಿಷಯ? ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಧಾರಾಳವಾಗಿ ಉಣ್ಣಿ. ಆದರೆ ಇಳಿದ ಈಸ್ಟ್ರೊಜೆನ್‌ನ ಕೆಲಸವನ್ನು ಅದು ಮಾಡಲಾರದು.

50 ದಾಟಿದವರು ನಿಂತಲ್ಲೇ ಜಾರಿ ಬಿದ್ದು ಮೂಳೆ ಮುರಿದುಕೊಂಡರೆ, ತೂಕ ಎಷ್ಟೇ ಇರಲಿ, ಮೂಳೆ ಸವೆತದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಚಿಂತಾಮಣಿ ಕಡೆಯವರು ಕುಡಿಯುವುದು ಕೊಳವೆಬಾವಿ ನೀರೇ ಆಗಿದ್ದರೆ ಅದನ್ನೂ ತಿಳಿಸಿ. ಚಿಕ್ಕಬಳ್ಳಾಪುರ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅತಿಯಾದ ಫ್ಲೋರೈಡ್ ಸೇರಿದ ಮೂಳೆ ಸ್ಕ್ಯಾನ್‌ನಲ್ಲಿ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿರಬಹುದು.