ಅಂಬಾಸಡರ್ ಮೇಲೋ, ಫಿಯಾಟ್ ಮೇಲೋ?



ನಮ್ಮ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್ ಅವರ ಹೆಸರನ್ನು ತಾವು ಕೇಳಿಯೇ ಇರುತ್ತೀರಿ. 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದವರು ಇವರೇ. 1944ರಲ್ಲಿ ಅವರು ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂದೆ ಮುಂಬಯಿಯ ಕುರ್ಲಾದಲ್ಲಿ ಇಟಲಿಯ ಫಿಯಾಟ್ ಕಾರುಗಳನ್ನು ತಯಾರಿಸಿತು. ನಮಗೆಲ್ಲ ಗುರುತಿರುವ ಆ ಪುಟ್ಟ ಫಿಯಾಟ್ ಬಂದದ್ದು 1964ರಲ್ಲಿ. ವಾಲ್‌ಚಂದರು ತೀರಿಕೊಂಡು ಆಗಲೇ 11 ವರ್ಷವಾಗಿತ್ತು. 1974ರಲ್ಲಿ ಅದಕ್ಕೆ ಪದ್ಮಿನಿ ಎಂದು ಚಿತ್ತೋಡದ ರಾಣಿಯ ಹೆಸರಿಟ್ಟರು. ಜನ ಮಾತ್ರ ಫಿಯಾಟ್ ಎನ್ನುವುದನ್ನು ಬಿಡಲಿಲ್ಲ.

ಎದುರಾಳಿ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲೇ ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ 1957-58ರಿಂದ ಕಲ್ಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ಇದನ್ನು ತಯಾರಿಸುತ್ತ ಬಂದಿತು.

ಕಟ್ಟೆಯ ಮೇಲೆ ಕುಳಿತವರು ಈ ಎರಡರಲ್ಲಿ ಯಾವುದು ಜೋರು ಎಂದು ವಾದಿಸಿದ್ದುಂಟು. ಲೆಕ್ಕ ಹಾಕಿ ನೋಡೋಣ. ಅಂಬಾಸಡರಿನ ಪೆಟ್ರೋಲ್ ಎಂಜಿನ್ 1489 ಸಿ.ಸಿ., ಶಕ್ತಿ ಸುಮಾರು 50 ಅಶ್ವಶಕ್ತಿ. ಫಿಯಾಟಿನದು 1089 ಸಿ.ಸಿ., ಸುಮಾರು 40. ಅಂಬಾಸಡರ್ ದೊಡ್ಡದಾಯಿತಲ್ಲ ಎನ್ನಬಹುದು. ಆದರೆ ಅದರ ತೂಕ 1100 ಕಿಲೋಗೂ ಮಿಗಿಲು, ಫಿಯಾಟಿನದು 900ರ ಆಸುಪಾಸು. ನೂರು ಕಿಲೋ ತೂಕಕ್ಕೆ ಎಷ್ಟು ಶಕ್ತಿ ಎಂದು ಭಾಗಿಸಿದರೆ ಎರಡೂ ನಾಲ್ಕೂವರೆಯ ಹತ್ತಿರವೇ ಬಂದು ನಿಲ್ಲುತ್ತವೆ! ಎರಡಕ್ಕೂ ನಾಲ್ಕು ಗೇರು. ಗೇರಿನ ಹಿಡಿ ಸ್ಟಿಯರಿಂಗಿನ ಪಕ್ಕದಲ್ಲೇ. ಸಪಾಟು ರಸ್ತೆ ಸಿಕ್ಕರೆ ಎರಡೂ ತಾಸಿಗೆ ನೂರು ಕಿಲೋಮೀಟರ್ ದಾಟುತ್ತಿದ್ದವು. ಅಂಥ ರಸ್ತೆ ಎಲ್ಲಿತ್ತು ಎಂಬುದು ಬೇರೆ ಮಾತು.

ನಿಜವಾದ ವ್ಯತ್ಯಾಸವಿದ್ದದ್ದು ಗಾಲಿಯಲ್ಲಿ, ಸೀಟಿನಲ್ಲಿ. ಅಂಬಾಸಡರಿನ ಗಾಲಿ 15 ಇಂಚು, ಫಿಯಾಟಿನದು 14. ಅಂಬಾಸಡರ್ ನಾಲ್ಕು ಮೀಟರಿಗಿಂತ ಉದ್ದ, ಫಿಯಾಟ್ ನಾಲ್ಕಕ್ಕೆ ತುಸು ಕಡಿಮೆ. ಕಪ್ಪು ಮಣ್ಣಿನ ಗಾಡಿದಾರಿಯಲ್ಲಿ ಈ ಒಂದಿಂಚು ದೊಡ್ಡದು. ಮುಂದೆ ಮೂವರು, ಹಿಂದೆ ನಾಲ್ವರು, ತೊಡೆಯ ಮೇಲೆ ಮಕ್ಕಳು. ಮದುವೆಯ ದಿಬ್ಬಣಕ್ಕೂ ಅದೇ, ಬಾಣಂತಿಯನ್ನು ದವಾಖಾನೆಯಿಂದ ಕರೆತರಲಿಕ್ಕೂ ಅದೇ. ಮುಂಬಯಿಯ ಕಿರಿದಾದ ಓಣಿಗಳಿಗೆ ಮಾತ್ರ ಹಗುರಾದ ಫಿಯಾಟೇ ಸರಿ. ಅಲ್ಲಿಗೆ ದುಡಿಯಲು ಹೋದ ನಮ್ಮ ಕಡೆಯವರಿಗೆ ಮರಾಠಿ ಮಂದಿ ಹೇಳುವ ಆ ಕಾಳಿ-ಪಿವಳಿ ಟ್ಯಾಕ್ಸಿ ಚೆನ್ನಾಗಿ ನೆನಪಿರುತ್ತದೆ.

ನನಗೆ ಬೇಸರವೆನಿಸುವುದು ಇನ್ನೊಂದು ಸಂಗತಿ. ಯಾರು ಎಷ್ಟು ಕಾರು ತಯಾರಿಸಬೇಕೆಂಬುದಕ್ಕೆ ಸರ್ಕಾರದ ಪರವಾನಗಿ ಬೇಕಿದ್ದ ಕಾಲವದು. ದುಡ್ಡು ಕಟ್ಟಿದವರು ಫಿಯಾಟಿಗಾಗಿ ವರ್ಷಗಟ್ಟಲೆ ಕಾದರು. ಗಿರಾಕಿ ತಾನಾಗಿ ಕಾಯುತ್ತಿರುವಾಗ ಎಂಜಿನ್ ಸುಧಾರಿಸುವ ಆತುರ ಯಾರಿಗಿದ್ದೀತು? ದೀಪ ಬದಲಾದವು, ಮುಂದಿನ ಜಾಲರಿ ಬದಲಾಯಿತು. ಒಳಗಿನ ಯಂತ್ರ ಬಹುಪಾಲು ಹಳೆಯದೇ. ಊರಿನ ಮಿಸ್ತ್ರಿಗೆ ಇದರಿಂದ ಅನುಕೂಲವಾಯಿತೆನ್ನಿ. ಒಂದು ಕಾರಿನ ಎಂಜಿನ್ ಬಿಚ್ಚಿ ಕಲಿತವನಿಗೆ ಆ ವಿದ್ಯೆ ಜೀವಮಾನವಿಡೀ ಸಾಕಾಯಿತು.

1983ರ ಡಿಸೆಂಬರಿನಲ್ಲಿ 796 ಸಿ.ಸಿ.ಯ ಮಾರುತಿ ಬಂತು. ಅಂಬಾಸಡರಿಗೆ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಎಂಜಿನ್ ಕೂಡಿಸಿದ್ದು 1990ರ ದಶಕದಲ್ಲಿ, ತಡವಾಗಿ. ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು, ಅಂಬಾಸಡರಿನದು 2014ರ ಮೇ ತಿಂಗಳಲ್ಲಿ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ವರೆಗೆ ಓಡಿತು. ಟ್ಯಾಕ್ಸಿಗೆ ವಿಧಿಸಿದ್ದ 20 ವರ್ಷದ ಮಿತಿ ಅಂದಿಗೆ ಮುಗಿದಿತ್ತು.